ಹಕ್ಕಿಯನ್ನು ಹಿಡಿದ ಜೇಡ

ಹುಳುಗಳು ಕೆಸರಿನಿಂದ ತಾವಾಗಿಯೇ ಹುಟ್ಟುತ್ತವೆಂದು ಯೂರೋಪಿನಲ್ಲಿ ಹಲವರು ನಂಬಿದ್ದ ಕಾಲವದು. 1647ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಜನಿಸಿದ ಮರಿಯಾ ಸಿಬಿಲ್ಲಾ ಮೇರಿಯನ್ 13ರ ಎಳೆವಯಸ್ಸಿನಲ್ಲಿಯೇ ರೇಷ್ಮೆಹುಳುಗಳನ್ನು ಸಾಕಿ, ಮೊಟ್ಟೆಯೊಡೆದು ಹುಳು ಬರುವುದನ್ನೂ ಗೂಡು ಸೀಳಿ ಪತಂಗ ಹೊಮ್ಮುವುದನ್ನೂ ಕಣ್ಣಾರೆ ಕಂಡು ಚಿತ್ರಿಸತೊಡಗಿದಳು.

1699ರಲ್ಲಿ, 52ರ ಪ್ರಾಯದಲ್ಲಿ, ಕಿರಿಯ ಮಗಳೊಡನೆ ಕಡಲು ದಾಟಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋದಳು. ಅಲ್ಲಿಯ ಡಚ್ ತೋಟಗಾರರಿಗೆ ಬೇಕಾಗಿದ್ದುದು ಸಕ್ಕರೆಯೊಂದೇ. ಹುಳುಗಳನ್ನರಸುವ ಈಕೆ ಅವರ ಪರಿಹಾಸಕ್ಕೆ ಗುರಿಯಾದಳು. ನೆರವಾದವರು ಮೂಲನಿವಾಸಿಗಳು ಹಾಗೂ ಗುಲಾಮರು. ರೋಗಪೀಡಿತಳಾಗಿ 1701ರಲ್ಲಿ ಹಿಂದಿರುಗಿದರೂ ಎದೆಗುಂದದೆ, 1705ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ 60 ಚಿತ್ರಫಲಕಗಳ ಮಹಾಗ್ರಂಥವನ್ನು ಹೊರತಂದಳು.

ಅದರ ಒಂದು ಫಲಕದಲ್ಲಿ, ಸೀಬೆಯ ಕೊಂಬೆಯ ಮೇಲೆ ದೈತ್ಯ ಜೇಡವೊಂದು ಪುಟ್ಟ ಹಮ್ಮಿಂಗ್ ಹಕ್ಕಿಯನ್ನು ಭಕ್ಷಿಸುತ್ತಿದೆ. ಜೇಡವೆಲ್ಲಿ, ಹಕ್ಕಿಯೆಲ್ಲಿ! 1717ರಲ್ಲಿ ಆಕೆ ತೀರಿಕೊಂಡ ಮೇಲೆ, 19ನೆಯ ಶತಮಾನದ ಕೆಲವು ವಿದ್ವಾಂಸರು ಇದು ಬರಿಯ ಕಟ್ಟುಕಥೆಯೆಂದು ತಳ್ಳಿಹಾಕಿದರು. ಆಕೆಯ ಉಳಿದ ದುಡಿಮೆಯನ್ನೂ ಶಂಕಿಸಿದರು. ಕೊನೆಗೆ ಇಂಗ್ಲೆಂಡಿನ ಹೆನ್ರಿ ವಾಲ್ಟರ್ ಬೇಟ್ಸ್, ಅಮೆಜಾನ್ ಕಾಡಿನಲ್ಲಿ ಅಂಥ ಜೇಡವೊಂದು ಪುಟ್ಟ ಹಕ್ಕಿಗಳನ್ನು ಹಿಡಿದುದನ್ನು ತಾನೇ ಕಂಡು, 1863ರ ತನ್ನ ಗ್ರಂಥದಲ್ಲಿ ದಾಖಲಿಸಿದನು. ಆಕೆಯ ಕುಂಚಕ್ಕೆ ಸಾಕ್ಷಿ ದೊರೆಯುವ ವೇಳೆಗೆ, ಆಕೆ ಮಣ್ಣಾಗಿ 146 ವರ್ಷಗಳು ಸಂದಿದ್ದವು.