ಮದುರೈಯಲ್ಲಿ ಹುಟ್ಟಿದ ಡಿ ಮಾರ್ಗನ್ ನಮ್ಮ ಗಣಿತವನ್ನು ಕದ್ದೊಯ್ದರೇ?

ರಾಯಾಪುರದಿಂದ ದಿನಾ ಬಸ್ಸು ಹತ್ತಿ ಧಾರವಾಡಕ್ಕೆ ಗಣಿತ ಕಲಿಯಲು ಹೋಗುವ ಓದುಗರೊಬ್ಬರು ನಮಗೊಂದು ವಾಟ್ಸಾಪ್ ಸಂದೇಶ ಕಳಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಸಂದೇಶದ ಸಾರ ಇಷ್ಟು: ಗಣಗಳ ಪಾಠದಲ್ಲಿ ಬರುವ ಡಿ ಮಾರ್ಗನ್ ಭಾರತದಲ್ಲಿ ಹುಟ್ಟಿದವರು, ಅವರು ಕುರುಡರು, ಗಣಸಿದ್ಧಾಂತವನ್ನು ಇಲ್ಲಿಯ ಪಂಡಿತರಿಂದ ಕಲಿತು, ಇಂಗ್ಲೆಂಡಿಗೆ ಒಯ್ದು, ತಮ್ಮ ಹೆಸರು ಹಚ್ಚಿಕೊಂಡರು. ಕೊನೆಗೆ, ಹೆಮ್ಮೆಯಿದ್ದರೆ ಹತ್ತು ಜನರಿಗೆ ಕಳಿಸಿ ಎಂಬ ಮಾಮೂಲಿ ಸಾಲು. ಮುಂದಿನ ವಾರ ಈ ಓದುಗರು ತರಗತಿಯಲ್ಲಿ ಡಿ ಮಾರ್ಗನ್ ಬಗ್ಗೆ ಮಾತನಾಡಬೇಕಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನದೆ ಮೊದಲು ಕೇಳಿದ್ದು ಒಳ್ಳೆಯದಾಯಿತು.

ಸಂದೇಶದ ಮೊದಲ ಭಾಗ ನಿಜ. ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರ ಜೂನ್ 27ರಂದು, ಮದುರೈಯಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ. ಮಗು ಹುಟ್ಟಿ ಎರಡು ವಾರವೂ ತುಂಬಿರಲಿಲ್ಲ, ಜುಲೈ 10ರಂದು ವೆಲ್ಲೂರಿನ ಕೋಟೆಯಲ್ಲಿ ಸಿಪಾಯಿಗಳು ದಂಗೆ ಎದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇರಿಸಿದ್ದು ಅದೇ ಕೋಟೆಯಲ್ಲಿ. ಮಗುವಿಗೆ ಏಳು ತಿಂಗಳಾದಾಗ ಮನೆಯವರು ಇಂಗ್ಲೆಂಡಿಗೆ ಹೊರಟರು. ಏಳು ತಿಂಗಳ ಕೂಸು ಯಾವ ಪಂಡಿತರ ಬಳಿ ಏನು ಕಲಿತೀತು? ಡಿ ಮಾರ್ಗನ್ ಆಮೇಲೆ ಭಾರತದಲ್ಲಿ ಬಂದು ಬಾಳಲೂ ಇಲ್ಲ. ಹತ್ತು ವರ್ಷದವರಿದ್ದಾಗ ತಂದೆ ಭಾರತದಿಂದ ಮರಳುವ ಹಡಗಿನಲ್ಲೇ ತೀರಿಕೊಂಡರು.

ಕುರುಡರು ಎಂಬುದು ಅರ್ಧ ನಿಜ. ಹುಟ್ಟಿದ ಸ್ವಲ್ಪ ಕಾಲದಲ್ಲೇ ಬಲಗಣ್ಣು ಹೋಯಿತು. ಇನ್ನೊಂದು ಕಣ್ಣು ಬದುಕಿನುದ್ದಕ್ಕೂ ಚೆನ್ನಾಗಿ ದುಡಿಯಿತು.

ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿದಾಗ ಅವರಿಗೆ 16 ವರ್ಷ. 1827ರ ಗಣಿತ ಪರೀಕ್ಷೆಯಲ್ಲಿ ನಾಲ್ಕನೇ ಸ್ಥಾನ ಬಂತು. ಅಲ್ಲಿ ಎಂ.ಎ. ಪಡೆಯಲು ಇಂಗ್ಲೆಂಡಿನ ಅಧಿಕೃತ ಚರ್ಚಿನ ನಂಬಿಕೆಗಳಿಗೆ ಒಪ್ಪಿಗೆಯ ಸಹಿ ಹಾಕಬೇಕಿತ್ತು. ನಂಬದ ಮಾತಿಗೆ ಸಹಿ ಹಾಕಲಾರೆ ಎಂದು ಅವರು ಪದವಿಯನ್ನೇ ಬಿಟ್ಟರು. ಅದರೊಂದಿಗೆ ಕೇಂಬ್ರಿಜ್‌ನಲ್ಲಿ ಕೆಲಸ ಸಿಗುವ ದಾರಿಯೂ ಮುಚ್ಚಿತು. ವಕೀಲಿಕೆ ಓದೋಣವೆಂದು ಲಂಡನ್ನಿಗೆ ಬಂದರು. ಅದೇ ಹೊತ್ತಿಗೆ ಅಲ್ಲಿ ಧರ್ಮ ಕೇಳದ ಹೊಸ ವಿಶ್ವವಿದ್ಯಾಲಯವೊಂದು ತೆರೆಯುತ್ತಿತ್ತು, ಇಂದಿನ ಯೂನಿವರ್ಸಿಟಿ ಕಾಲೇಜ್ ಲಂಡನ್. 1828ರಲ್ಲಿ ಅದರ ಮೊದಲ ಗಣಿತ ಪ್ರಾಧ್ಯಾಪಕರಾದಾಗ ಅವರಿಗೆ 21 ವರ್ಷ.

1831ರಲ್ಲಿ ಸಹೋದ್ಯೋಗಿಯೊಬ್ಬರನ್ನು ಸರಿಯಾದ ಕಾರಣ ಕೊಡದೆ ತೆಗೆದುಹಾಕಿದರೆಂದು ಡಿ ಮಾರ್ಗನ್ ರಾಜೀನಾಮೆ ಕೊಟ್ಟರು. 1836ರಲ್ಲಿ ಅವರ ಜಾಗಕ್ಕೆ ಬಂದಿದ್ದವರು ನೀರಿನಲ್ಲಿ ಮುಳುಗಿ ಸತ್ತಾಗ ಮರಳಿ ಬಂದು, ಮತ್ತೆ 30 ವರ್ಷ ಕಲಿಸಿದರು. ನಡುವಿನ ವರ್ಷಗಳಲ್ಲೂ, ಆಮೇಲೂ, ಪೆನ್ನಿ ಸೈಕ್ಲೋಪೀಡಿಯಾ ಎಂಬ ಅಗ್ಗದ ವಿಶ್ವಕೋಶಕ್ಕೆ 700ಕ್ಕೂ ಹೆಚ್ಚು ಲೇಖನ ಬರೆದರು. ಕಂತೊಂದಕ್ಕೆ ಒಂದು ಪೆನ್ನಿ ಕೊಟ್ಟು ಕೊಳ್ಳುವ ಜನರಿಗೆ ಗಣಿತ, ಖಗೋಳ ತಿಳಿಸುವ ಕೆಲಸ ಅದು. ಗಣಿತಾನುಗಮನ ಎಂದು ನಾವು ಕಲಿಯುವ ವಿಧಾನದ ಇಂಗ್ಲಿಷ್ ಹೆಸರು ಬಳಕೆಗೆ ಬಂದದ್ದೂ 1838ರ ಇಂಥದೇ ಒಂದು ಲೇಖನದಿಂದ. ನಮ್ಮಂಥ ಜಾಲತಾಣದವರಿಗೆ ಅವರ ಮೇಲೆ ತುಸು ಹೆಚ್ಚೇ ಪ್ರೀತಿ, ಒಪ್ಪಿಕೊಳ್ಳುತ್ತೇವೆ.

ಇನ್ನು ಆ ನಿಯಮಗಳಿಗೆ ಬರೋಣ. ಎರಡು ಗಣಗಳ ಸಂಯೋಗದ ಪೂರಕ ಗಣ ಅಂದರೆ ಆ ಗಣಗಳ ಪೂರಕಗಳ ಛೇದನ. ಛೇದನದ ಪೂರಕ ಅಂದರೆ ಪೂರಕಗಳ ಸಂಯೋಗ. ಹೀಗೆ ಬಾಯಿಪಾಠ ಮಾಡಿದರೆ ಪರೀಕ್ಷೆಯ ದಿನ ಮರೆಯುತ್ತದೆ. 1ರಿಂದ 10ರವರೆಗಿನ ಸಂಖ್ಯೆ ತೆಗೆದುಕೊಳ್ಳಿ. ಸಮಸಂಖ್ಯೆಗಳನ್ನೂ 3ರ ಗುಣಕಗಳನ್ನೂ ಅಳಿಸಿಬಿಟ್ಟರೆ ಉಳಿಯುವುದು 1, 5, 7. ಸಮವೂ ಅಲ್ಲದ, 3ರ ಗುಣಕವೂ ಅಲ್ಲದ ಸಂಖ್ಯೆಗಳನ್ನು ಹುಡುಕಿದರೂ ಅವೇ 1, 5, 7.

ವಿದ್ಯಾರ್ಥಿಗಳು ಎಡವುವುದು ಎರಡನೆಯ ನಿಯಮದಲ್ಲಿ, ಮತ್ತು ಅದರಲ್ಲಿ ನಮ್ಮ ಭಾಷೆಯ ಪಾಲೂ ಇದೆ. ಸಂಜೆ ಅಂಗಡಿಯಲ್ಲಿ ಗಿರಮಿಟ್ಟೂ ಇದೆ, ಮಿರ್ಚಿಯೂ ಇದೆ ಎಂದು ಗೆಳೆಯ ಹೇಳುತ್ತಾನೆ. ಅದು ಸುಳ್ಳು ಎಂದರೆ ಏನರ್ಥ? ಎರಡೂ ಇಲ್ಲ ಎಂದು ಬಾಯಿಗೆ ಬಂದುಬಿಡುತ್ತದೆ. ಕನ್ನಡದಲ್ಲಿ ಎರಡೂ ಇಲ್ಲ ಎಂದರೆ ಒಂದೂ ಇಲ್ಲ ಎಂದೇ ಅರ್ಥ. ಆದರೆ ಗೆಳೆಯನ ಮಾತು ಸುಳ್ಳಾಗಲು ಒಂದು ಮುಗಿದಿದ್ದರೂ ಸಾಕು. ಮಿರ್ಚಿ ಬಿಸಿಬಿಸಿಯಾಗಿ ಕಾದಿರಬಹುದು. ಇನ್ನು ಮೊದಲನೆಯ ನಿಯಮ ಔಷಧದ ಚೀಟಿಯಲ್ಲಿದೆ: ಗರ್ಭಿಣಿಯರು ಅಥವಾ ಹಾಲುಣಿಸುವವರು ಬಳಸಬಾರದು ಎಂದಿದ್ದರೆ, ಆ ಎಚ್ಚರಿಕೆ ತಗಲದಿರುವುದು ಎರಡೂ ಅಲ್ಲದವರಿಗೆ ಮಾತ್ರ.

ಓದುಗರು ಕಳಿಸಿದ ಸಂದೇಶವನ್ನು ಇದೇ ತಕ್ಕಡಿಗೆ ಹಾಕಿ. ಅದು ಮೂರು ಮಾತುಗಳನ್ನು ಮತ್ತು ಹಾಕಿ ಕಟ್ಟಿದ ಗಂಟು. ಇಡೀ ಸಂದೇಶ ಸುಳ್ಳು ಎಂದರೆ ಮದುರೈಯೂ ಸುಳ್ಳು ಎಂದಾಗುವುದಿಲ್ಲ. ಹಾಗೆಯೇ ಮದುರೈ ನಿಜವಾದ ಮಾತ್ರಕ್ಕೆ ಕಳ್ಳತನವೂ ನಿಜವಾಗುವುದಿಲ್ಲ. ಫಾರ್ವರ್ಡ್ ಬರೆಯುವವರು ಗಟ್ಟಿಯಾದ ಒಂದು ಸಂಗತಿಯನ್ನು ಮುಂದಿಡುವುದು ಇದಕ್ಕೇ.

ಅಂದ ಹಾಗೆ, ಪಠ್ಯದಲ್ಲಿ ಕಾಣುವ ರೂಪದ ಗಣಸಿದ್ಧಾಂತ ಡಿ ಮಾರ್ಗನ್ ಅವರಿಗೇ ಗೊತ್ತಿರಲಿಲ್ಲ. ಕ್ಯಾಂಟರ್ ಜರ್ಮನಿಯಲ್ಲಿ ಅದನ್ನು ಶುರುಮಾಡಿದ್ದು 1874ರಲ್ಲಿ, ವೆನ್ ಚಿತ್ರಗಳು ಬಂದದ್ದು 1880ರಲ್ಲಿ; ಡಿ ಮಾರ್ಗನ್ ತೀರಿಕೊಂಡದ್ದು 1871ರ ಮಾರ್ಚ್ 18ರಂದು. ಅವರು ಬರೆದದ್ದು ತರ್ಕದ ಬಗ್ಗೆ. ಅವರ ಮುಖ್ಯ ತರ್ಕಗ್ರಂಥ ಬಂದ 1847ರಲ್ಲೇ ಜಾರ್ಜ್ ಬೂಲ್ ಅವರ ಮೊದಲ ತರ್ಕಪುಸ್ತಕವೂ ಬಂತು. ಈ ನಿಯಮಗಳು ಮಾತಿನ ರೂಪದಲ್ಲಿ ಯುರೋಪಿನ ತರ್ಕಪಂಡಿತರಿಗೆ 14ನೇ ಶತಮಾನದಲ್ಲೇ ತಿಳಿದಿದ್ದವು. ಅವಕ್ಕೆ ಬೀಜಗಣಿತದಂತೆ ಬರೆದು ಲೆಕ್ಕ ಹಾಕುವ ರೂಪ ಕೊಟ್ಟವರಲ್ಲಿ ಡಿ ಮಾರ್ಗನ್ ಒಬ್ಬರು. ಪೂರಕ ಗಣಕ್ಕೆ ಮೊದಲು ಒಂದು ವಿಶ್ವಗಣ ಬೇಕಲ್ಲ, ಮಾತಿಗೊಂದು ಎಲ್ಲೆ ಹಾಕುವ ಆ ಯೋಚನೆಯನ್ನು ತರ್ಕಕ್ಕೆ ತಂದವರೂ ಅವರೇ.

ಭಾರತದಿಂದ ಅವರು ಕದ್ದರೇ ಎಂಬ ಪ್ರಶ್ನೆಗೆ ದಾಖಲೆಯಲ್ಲಿರುವುದು ತದ್ವಿರುದ್ಧ ಕತೆ. ದೆಹಲಿಯಲ್ಲಿ ಗಣಿತ ಕಲಿಸುತ್ತಿದ್ದ ರಾಮಚಂದ್ರ ಎಂಬುವರು, ಗರಿಷ್ಠ ಕನಿಷ್ಠ ಬೆಲೆಗಳನ್ನು ಕಲನಶಾಸ್ತ್ರವಿಲ್ಲದೆ ಬರಿ ಬೀಜಗಣಿತದಿಂದ ಕಂಡುಹಿಡಿಯುವ ಪುಸ್ತಕವನ್ನು 1850ರಲ್ಲಿ ಪ್ರಕಟಿಸಿದ್ದರು. ಅದನ್ನು ಓದಿದ ಡಿ ಮಾರ್ಗನ್ ಕಂಪನಿಯ ನಿರ್ದೇಶಕರಿಗೆ ಹೇಳಿ, 1859ರಲ್ಲಿ ಲಂಡನ್ನಿನಲ್ಲಿ ಮರುಮುದ್ರಣ ಮಾಡಿಸಿದರು, ರಾಮಚಂದ್ರರ ಹೆಸರಿನಲ್ಲೇ. ಮುನ್ನುಡಿಯಲ್ಲಿ ಭಾರತದ ಬೀಜಗಣಿತ ಪರಂಪರೆಯನ್ನು ಮೆಚ್ಚಿ ಬರೆದರು. 1857ರ ಬೆಂಕಿ ಇನ್ನೂ ಆರಿರದ ಹೊತ್ತಿನಲ್ಲಿ ಇದು ಸಣ್ಣ ಮಾತಲ್ಲ.

ಆ ಕಾಲದಲ್ಲೂ ಫಾರ್ವರ್ಡ್‌ಗಳಿದ್ದವು, ಅಂಚೆಯಲ್ಲಿ ಬರುತ್ತಿದ್ದವು. ಲಿವರ್‌ಪೂಲ್‌ನ ಜೇಮ್ಸ್ ಸ್ಮಿತ್ ಎಂಬ ವ್ಯಾಪಾರಿ ಪೈ ಬೆಲೆ ಸರಿಯಾಗಿ 3.125 ಎಂದು ಪಟ್ಟು ಹಿಡಿದಿದ್ದರು. ವ್ಯಾಸ 1 ಇರುವ ವೃತ್ತದೊಳಗೆ 24 ಸಮಬಾಹುಗಳ ಆಕೃತಿ ಎಳೆದರೆ ಅದರ ಸುತ್ತಳತೆಯೇ ಸುಮಾರು 3.1326. ಒಳಗಿನ ಆಕೃತಿಗಿಂತ ಹೊರಗಿನ ವೃತ್ತ ಚಿಕ್ಕದಾಗಲು ಹೇಗೆ ಸಾಧ್ಯ? ಇಂಥವರೊಡನೆ ಡಿ ಮಾರ್ಗನ್ ವರ್ಷಗಟ್ಟಲೆ ಪತ್ರಿಕೆಯಲ್ಲಿ ತಮಾಷೆಯಾಗಿ ಜಗಳವಾಡಿದರು. ಅವರು ಸತ್ತ ಮರುವರ್ಷ ಹೆಂಡತಿ ಸೋಫಿಯಾ ಆ ಬರಹಗಳನ್ನು ಪುಸ್ತಕವಾಗಿ ತಂದರು.

ಆದರೆ ಅದೇ ಡಿ ಮಾರ್ಗನ್, ಸತ್ತವರ ಆತ್ಮ ಮೇಜು ಕುಟ್ಟಿ ಉತ್ತರ ಹೇಳುತ್ತದೆ ಎನ್ನುವವರ ಬೈಠಕ್ಕಿನಲ್ಲೂ ಕೂತರು. ತಾವು ಕಂಡು ಕೇಳಿದ್ದನ್ನು ಬರಿ ಮೋಸವೆಂದೋ ಕಾಕತಾಳೀಯವೆಂದೋ ವಿವರಿಸಲಾಗದು ಎಂದು 1863ರಲ್ಲಿ, ಸೋಫಿಯಾ ಹೆಸರು ಹಾಕದೆ ಬರೆದ ಪುಸ್ತಕಕ್ಕೆ ತಾವೂ ಹೆಸರು ಹಾಕದೆ ಮುನ್ನುಡಿ ಬರೆದರು. ಆತ್ಮಗಳೇ ಎಂದು ಒಪ್ಪಲಿಲ್ಲ, ಗೊತ್ತಿಲ್ಲ ಎಂದು ನಿಲ್ಲಿಸಿದರು. ನಮಗನಿಸುವುದು, ಪೈ ಹುಚ್ಚರಿಗೆ ಹಿಡಿದ ಪಟ್ಟನ್ನು ಇಲ್ಲಿ ಅವರು ಸಡಿಲಿಸಿದರು. ಈ ಮೇಜು ಕುಟ್ಟುವ ಹುಚ್ಚನ್ನು ಅಮೆರಿಕದಲ್ಲಿ ಹಬ್ಬಿಸಿದ ಫಾಕ್ಸ್ ಸೋದರಿಯರಲ್ಲೊಬ್ಬರು 1888ರಲ್ಲಿ ತುಂಬಿದ ಸಭೆಯಲ್ಲಿ, ಆ ಸದ್ದು ಕಾಲ್ಬೆರಳ ಕೀಲಿನದು ಎಂದು ತೋರಿಸಿಕೊಟ್ಟರು.

1866ರಲ್ಲಿ, ಒಬ್ಬರ ಧಾರ್ಮಿಕ ನಿಲುವು ನೋಡಿ ಕಾಲೇಜು ಅವರಿಗೆ ಪ್ರಾಧ್ಯಾಪಕ ಹುದ್ದೆ ನಿರಾಕರಿಸಿತು. ಯಾವ ಕಾರಣಕ್ಕೆ ಕೇಂಬ್ರಿಜ್ ಬಿಟ್ಟಿದ್ದರೋ ಅದೇ ಇಲ್ಲಿಗೂ ಬಂತೆಂದು ಡಿ ಮಾರ್ಗನ್ 60ರ ವಯಸ್ಸಿನಲ್ಲಿ ಎರಡನೇ ಸಲ ಕೆಲಸ ಬಿಟ್ಟರು. ಮರುವರ್ಷ, ಲಂಡನ್ ಗಣಿತ ಸಂಘ ಹುಟ್ಟಲು ಕಾರಣನಾಗಿದ್ದ ಮಗ ಜಾರ್ಜ್ ತೀರಿಕೊಂಡ. ಆ ಸಂಘದ ಮೊದಲ ಅಧ್ಯಕ್ಷ ಈ ಅಪ್ಪನೇ ಆಗಿದ್ದರು. ಅಲ್ಲಿಂದ ಅವರ ಆರೋಗ್ಯ ಚೇತರಿಸಲಿಲ್ಲ.

ತರಗತಿಯಲ್ಲಿ ಮಾತು ಮುಗಿಸಲು ನಮ್ಮ ಓದುಗರಿಗೆ ಅವರದೇ ಒಂದು ಒಗಟು ಕೊಡುತ್ತೇವೆ. ತಮ್ಮ ವಯಸ್ಸಿನ ವರ್ಗದ ಇಸವಿಯಲ್ಲಿ ತಾವು ಬದುಕಿದ್ದೆ ಎಂದು ಅವರು ಹೇಳಿಕೊಳ್ಳುತ್ತಿದ್ದರು: 1849ರಲ್ಲಿ 43 ವರ್ಷ. 1980ರಲ್ಲಿ ಹುಟ್ಟಿದವರಿಗೆ 2025ರಲ್ಲಿ ಅದೇ ಯೋಗ ಬಂದಿತ್ತು. ಮುಂದಿನದು 2116ರಲ್ಲಿ, ಆ ಮಕ್ಕಳು ಇನ್ನೂ ಹುಟ್ಟಿಲ್ಲ.