ತೆ ರೌಪರಾಹ: ಕಾಪಿತಿ ದ್ವೀಪದ ದಂಡನಾಯಕ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಾದ ನಾವು ನಮ್ಮ ಮಕ್ಕಳಿಗೆ ಪುಲಿಕೇಶಿ, ಕಿತ್ತೂರು ಚೆನ್ನಮ್ಮ, ಒನಕೆ ಓಬವ್ವರ ಕಥೆಗಳನ್ನು ತಪ್ಪದೆ ಹೇಳುತ್ತೇವೆ. ಸಂತೋಷದ ವಿಷಯ. ಆದರೆ ಯಾವ ಮಣ್ಣಿನ ಮೇಲೆ ಇಂದು ನಮ್ಮ ಮನೆಗಳು ನಿಂತಿವೆಯೋ ಆ ಮಣ್ಣಿನ ಕಥೆ ನಮ್ಮಲ್ಲಿ ಎಷ್ಟು ಜನಕ್ಕೆ ತಿಳಿದಿದೆ? ಹಾರ್ನ್‌ಬಿಯ ನಮ್ಮ ಮಕ್ಕಳು ಶಾಲೆಯಿಂದ ಬಂದವರೇ ಅಂಗಳದಲ್ಲಿ ತೊಡೆ ತಟ್ಟಿ, ನಾಲಗೆ ಚಾಚಿ, ಕಾ ಮಾತೆ ಹಾಕಾ ಕುಣಿಯುತ್ತಾರೆ. ಆಲ್ ಬ್ಲ್ಯಾಕ್ಸ್ ರಗ್ಬಿ ತಂಡದಿಂದಾಗಿ ಜಗತ್ತೇ ಅದನ್ನು ಬಲ್ಲದು. ಅದನ್ನು ಕಟ್ಟಿದವನು ಒಬ್ಬ ದಂಡನಾಯಕ. ಅವನ ದಂಡು ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚಿನ ದೂರದಲ್ಲಿ ಒಂದು ಊರನ್ನೇ ಸುಟ್ಟು ಹಾಕಿತು. ಈ ಎರಡು ಸಂಗತಿಗಳನ್ನೂ ಒಟ್ಟಿಗೆ ತಿಳಿಯುವುದು ಒಳ್ಳೆಯದೆಂದು ಈ ಲೇಖನ.

ಅವನ ಹೆಸರು ತೆ ರೌಪರಾಹ. ಕುಲ ಙಾತಿ ತೋಅ. (ನಮ್ಮ ವರ್ಣಮಾಲೆಯಲ್ಲಿ ಶತಮಾನಗಳಿಂದ ಹೆಚ್ಚು ಕೆಲಸವಿಲ್ಲದೆ ಕುಳಿತಿದ್ದ ಙ ಅಕ್ಷರಕ್ಕೆ ಮಾವೋರಿ ನಾಡಿನಲ್ಲಿ ಕೈತುಂಬ ಕೆಲಸವಿದೆ!) ಹುಟ್ಟಿದ್ದು 1760ರ ದಶಕದಲ್ಲಿ ಇರಬೇಕು, ಕ್ಯಾಪ್ಟನ್ ಕುಕ್ ಈ ದ್ವೀಪಗಳಿಗೆ ಬಂದಾಗ ಅವನು ಹುಡುಗನಾಗಿದ್ದನೆಂದು ಹೇಳಿಕೆ. ಅತ್ತ ನಮ್ಮ ಮೈಸೂರಿನಲ್ಲಿ ಹೈದರಾಲಿ ಅಧಿಕಾರ ಹಿಡಿದ ಕಾಲ ಅದು. ಉತ್ತರ ದ್ವೀಪದ ಪಶ್ಚಿಮ ತೀರದ ಕಾಫಿಯಾ ಬಂದರು ಅವನ ತಂದೆಯ ಸೀಮೆ. ಹೆಸರಿನ ಹಿಂದೆಯೇ ಒಂದು ಭಯಂಕರ ಕಥೆಯಿದೆ. ರೌಪರಾಹ ಎಂಬುದು ಒಂದು ತಿನ್ನುವ ಸೊಪ್ಪು. ಬಂಧುವೊಬ್ಬನನ್ನು ಕೊಂದು ತಿಂದಿದ್ದ ವೈಕಾತೊ ಯೋಧನೊಬ್ಬ, ಈ ಕೂಸನ್ನೂ ಆ ಸೊಪ್ಪಿನ ಜೊತೆ ಸುಟ್ಟು ತಿನ್ನುತ್ತೇನೆಂದು ಬೆದರಿಸಿದನಂತೆ. ಮನೆಯವರು ಹೆದರುವ ಬದಲು ಮಗುವಿಗೆ ಅದೇ ಹೆಸರನ್ನಿಟ್ಟರು.

ಆಳು ಕುಳ್ಳು, ಆದರೆ ಗಟ್ಟಿ. ಹುಟ್ಟಿನಿಂದ ಕುಲದ ಅತ್ಯುನ್ನತ ಶ್ರೇಣಿಯವನಲ್ಲ. ತೆ ಪೇಹಿ ಕೂಪೆ ಮುಂತಾದವರು ಅವನಿಗಿಂತ ಮೇಲಿನವರು. ಅವನು ಮೇಲೆ ಬಂದದ್ದು ಬುದ್ಧಿಯಿಂದ ಮತ್ತು ಎದೆಗಾರಿಕೆಯಿಂದ. ತಾಯಿಯ ಕಡೆಯ ಙಾತಿ ರೌಕಾವಾ ಕುಲದ ಮುಖ್ಯಸ್ಥ ಹಾಪೆ ಸಾಯುವ ಹೊತ್ತಿನಲ್ಲಿ ತನ್ನ ಜಾಗಕ್ಕೆ ಯಾರು ಬರುತ್ತೀರೆಂದು ಕೇಳಿದಾಗ ಮಕ್ಕಳೆಲ್ಲ ಸುಮ್ಮನಿದ್ದರಂತೆ. ಮುಂದೆ ಬಂದವನು ಈ ರೌಪರಾಹ. ಹಾಪೆಯ ವಿಧವೆ ತೆ ಆಕಾವು ಮುಂದೆ ಅವನ ಹೆಂಡತಿಯಾದಳು.

ವೈಕಾತೊ ಮತ್ತು ಮನಿಯಪೊತೊ ಕುಲಗಳೊಡನೆ ಕಾಫಿಯಾದಲ್ಲಿ ನಿತ್ಯದ ಕಾದಾಟ. ಒಮ್ಮೆ, 1820ರ ಸುಮಾರಿಗೆ, ವೈರಿಗಳು ಬೆನ್ನಟ್ಟಿದಾಗ ರೊತೊಐರ ಸರೋವರದ ಬಳಿ ಗೆಣಸಿನ ಹಗೇವಿನಲ್ಲಿ ಅವಿತು ಕುಳಿತನು. ಆ ಊರಿನ ಮುಖ್ಯಸ್ಥನ ಹೆಂಡತಿ ತೆ ರಂಗಿಕೊಆಯೆಆ ಹಗೇವಿನ ಬಾಯಿಯ ಮೇಲೆಯೇ ಕುಳಿತುಬಿಟ್ಟಳು. ಹೆಣ್ಣಿನ ಸಾನ್ನಿಧ್ಯ ಶತ್ರುವಿನ ಮಂತ್ರಶಕ್ತಿಯನ್ನು ತಡೆಯುತ್ತದೆಂಬುದು ಅವರ ನಂಬಿಕೆ. ಸಾವೋ ಬದುಕೋ ಎಂದು ಕತ್ತಲಲ್ಲಿ ಕುಳಿತಿದ್ದವನು ಬೆಳಕಿಗೆ ಬಂದು ಕುಣಿದ ಕುಣಿತವೇ ಕಾ ಮಾತೆ. ರಣೋತ್ಸಾಹದ ಹಾಡೆಂದು ನಾವು ತಿಳಿದಿರುವುದು ವಾಸ್ತವದಲ್ಲಿ ಜೀವ ಉಳಿದ ಸಂತೋಷದ ಹಾಡು.

ಕಾಫಿಯಾದಲ್ಲಿ ಇನ್ನು ಉಳಿಗಾಲವಿಲ್ಲವೆಂದು ಅವನಿಗೆ ಬೇಗನೆ ಅರ್ಥವಾಯಿತು. ಅದಕ್ಕೆ ಸ್ವಲ್ಪ ಮೊದಲು ಉತ್ತರದ ಙಾಪುಹಿ ಯೋಧರೊಡನೆ ದಕ್ಷಿಣಕ್ಕೆ ದಂಡೆತ್ತಿ ಹೋದಾಗ ಎರಡು ವಿಷಯ ಕಂಡಿದ್ದನು: ಬಂದೂಕಿನ ಬಲ, ಮತ್ತು ಕುಕ್ ಜಲಸಂಧಿಯಲ್ಲಿ ಸಾಗುತ್ತಿದ್ದ ಬಿಳಿಯರ ಹಡಗು. ಹಡಗು ಬರುವ ಕಡೆ ನೆಲೆಸಿದರೆ ಬಂದೂಕು ತಾನಾಗಿ ಬರುತ್ತದೆ. ಜಪಾನಿನ ಓಡಾ ನೊಬುನಾಗ 1575ರಲ್ಲಿ ನಾಗಶಿನೊ ಕಾಳಗದಲ್ಲಿ ಬಂದೂಕಿನ ಸಾಲಿನೆದುರು ಕುದುರೆ ದಂಡನ್ನು ಮುರಿದಾಗ ಕಂಡ ಸತ್ಯವನ್ನೇ ಓದು ಬರಹವಿಲ್ಲದ ಈ ಮುಖ್ಯಸ್ಥನೂ ಕಂಡುಕೊಂಡನು ಎನ್ನಬಹುದು. ಕುಲವನ್ನೆಲ್ಲ, ಮುದುಕರು ಮಕ್ಕಳ ಸಮೇತ, ಪೂರ್ವಜರ ನೆಲದಿಂದ ಎಬ್ಬಿಸಿಕೊಂಡು ಹೊರಟನು. ದಾರಿಯಲ್ಲಿ ಶತ್ರು ಹತ್ತಿರ ಬಂದಾಗ ಬೇಕಾದದ್ದಕ್ಕಿಂತ ಹೆಚ್ಚು ಬೆಂಕಿಗಳನ್ನು ಹಾಕಿಸಿ, ಹೆಂಗಸರಿಗೆ ಯೋಧರ ವೇಷ ತೊಡಿಸಿ, ದೊಡ್ಡ ದಂಡಿದೆಯೆಂಬ ಭ್ರಮೆ ಹುಟ್ಟಿಸಿದನೆಂದು ಕಥೆ. 1822ರ ವೇಳೆಗೆ ಕಾಪಿತಿ ದ್ವೀಪದೆದುರಿನ ಕರಾವಳಿಗೆ ಬಂದಿಳಿದರು. ಅಲ್ಲಿನ ಮುವಾಊಪೊಕೊ ಕುಲದವರು ದೋಣಿ ಕೊಡುತ್ತೇವೆಂದು ಕರೆದು ರಾತ್ರಿ ಮೇಲೆ ಬಿದ್ದರು. ಅವನು ತಪ್ಪಿಸಿಕೊಂಡನು, ಆದರೆ ಅವನ ಮಕ್ಕಳಲ್ಲಿ ಹಲವರು ಸತ್ತರು. ಆ ಕುಲವನ್ನು ಅವನು ವರ್ಷಗಟ್ಟಲೆ ಬೇಟೆಯಾಡಿದನು.

1824ರಲ್ಲಿ ಜಲಸಂಧಿಯ ಎರಡೂ ದಡಗಳ ಕುಲಗಳು ಒಟ್ಟುಗೂಡಿ ಕಾಪಿತಿಯ ಮೇಲೆ ಏರಿ ಬಂದು ವೈಓರುವಾ ಎಂಬಲ್ಲಿ ಸೋತು ಹೋದವು. ಆಮೇಲೆ ಅವನನ್ನು ತಡೆಯುವವರಿಲ್ಲ. ನಮ್ಮ ಕತ್ತಾಳೆಯಂತಹ ಇಲ್ಲಿನ ಹರಕೆಕೆ ಗಿಡದ ನಾರನ್ನು ಸೆರೆಯಾಳುಗಳಿಂದ ತೆಗೆಸಿ, ಸಿಡ್ನಿಯ ವ್ಯಾಪಾರಿಗಳಿಗೆ ಕೊಟ್ಟು ಬಂದೂಕು, ಮದ್ದು ತರಿಸುತ್ತಿದ್ದನು. ತಿಮಿಂಗಿಲ ಬೇಟೆಯವರು ಅವನ ನೆರಳಿನಲ್ಲಿ ನೆಲೆಸಿದರು. ಇನ್ನು ಅವನ ಕಣ್ಣು ದಕ್ಷಿಣ ದ್ವೀಪದ ಮೇಲೆ, ಅಂದರೆ ಙಾಯಿ ತಹು ಕುಲದ ಮೇಲೆ. ಅಲ್ಲಿ ಮಾವೋರಿಗಳು ಚಿನ್ನಕ್ಕಿಂತ ಹೆಚ್ಚೆಂದು ಬಗೆಯುವ ಹಸಿರು ಶಿಲೆ ಸಿಗುತ್ತಿತ್ತು.

ಮೊದಲು ಕೈಕೋರಾ. ಅಲ್ಲಿ ಸಂಹಾರ ಮುಗಿಸಿ 1820ರ ದಶಕದ ಕೊನೆಯಲ್ಲಿ ಅವನ ಕಡೆಯವರು ಕೈಯಾಪೊಯಿಗೆ ಸ್ನೇಹದ ಮುಖ ಹೊತ್ತು ಬಂದರು. ಅಲ್ಲಿನವರು ಮೋಸ ಹೋಗಲಿಲ್ಲ. ಇಂಗ್ಲೆಂಡಿಗೆ ಹೋಗಿ ಬಂದಿದ್ದ ತೆ ಪೇಹಿ ಕೂಪೆಯೂ ಸೇರಿ ಹಲವು ಮುಖ್ಯಸ್ಥರನ್ನು ಕೋಟೆಯೊಳಗೇ ಕೊಂದರು. ಪ್ರತೀಕಾರಕ್ಕೆ ರೌಪರಾಹ 1830ರಲ್ಲಿ ಇಂಗ್ಲಿಷ್ ಹಡಗನ್ನೇ ಬಾಡಿಗೆಗೆ ಹಿಡಿದನು. ಎಲಿಜಬೆತ್ ಎಂಬ ಆ ಹಡಗಿನ ಕಪ್ತಾನ ಜಾನ್ ಸ್ಟೀವರ್ಟ್, ನಾರಿನ ಆಸೆಗೆ, ಯೋಧರನ್ನು ತಳದಲ್ಲಿ ಅಡಗಿಸಿಕೊಂಡು ಅಕರೋವಾಗೆ ಬಂದನು. ವ್ಯಾಪಾರವೆಂದು ನಂಬಿ ಹತ್ತಿದ ಙಾಯಿ ತಹು ಮುಖ್ಯಸ್ಥ ತಮೈಹರನುಯಿ ಹೆಂಡತಿ ಮಗಳೊಡನೆ ಸೆರೆಯಾದನು. ಮಗಳು ದಾಸಿಯಾಗಬಾರದೆಂದು ಹೆತ್ತವರೇ ಅವಳ ಉಸಿರು ನಿಲ್ಲಿಸಿದರು. ಕಾಪಿತಿಗೆ ಒಯ್ದು ಅವನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಸಿಡ್ನಿಯಲ್ಲಿ ಕಪ್ತಾನನ ಮೇಲೆ ಹೂಡಿದ ಮೊಕದ್ದಮೆ ಸಾಕ್ಷಿಗಳಿಲ್ಲದೆ ಬಿದ್ದು ಹೋಯಿತು. ಬ್ರಿಟಿಷರು 1833ರಲ್ಲಿ ಜೇಮ್ಸ್ ಬಸ್ಬಿಯನ್ನು ರೆಸಿಡೆಂಟನಾಗಿ ಕಳಿಸಿದ್ದಕ್ಕೆ ಈ ಹಗರಣವೂ ಒಂದು ಕಾರಣ. ರೆಸಿಡೆಂಟ್ ಎಂಬ ಶಬ್ದ ಕೇಳಿದರೆ ಮೈಸೂರಿನವರಾದ ನಮಗೆ ಮುಂದಿನ ಕಥೆ ಹೇಳಬೇಕಾಗಿಲ್ಲ.

ಬಳಿಕ ಕೈಯಾಪೊಯಿಯ ಮುತ್ತಿಗೆ, 1831-32ರ ಬೇಸಿಗೆಯಲ್ಲಿ, ಸುಮಾರು ಮೂರು ತಿಂಗಳು. ಮೂರು ಕಡೆ ಜೌಗು, ಒಂದೇ ಕಡೆ ಒಣ ನೆಲ, ಎತ್ತರದ ಮರದ ಬೇಲಿ. ನೇರ ನುಗ್ಗಲಾಗದೆ ರೌಪರಾಹನ ಜನ ಅಂಕುಡೊಂಕಾಗಿ ಕಂದಕ ತೋಡುತ್ತ ಬೇಲಿಯ ಬುಡಕ್ಕೆ ಬಂದು ಒಣ ಸೌದೆ, ಪೊದೆಗಳನ್ನು ಒಟ್ಟಿದರು. ಒಳಗಿನವರು ಒಂದು ದಿನ, ವಾಯವ್ಯದ ಬಿಸಿಗಾಳಿ ಬೀಸುತ್ತಿದ್ದಾಗ, ಉರಿ ಶತ್ರುವಿನ ಕಡೆಗೇ ಹೋಗಲೆಂದು ತಾವೇ ಅದಕ್ಕೆ ಬೆಂಕಿ ಕೊಟ್ಟರು. ಕ್ಯಾಂಟರ್ಬರಿಯಲ್ಲಿ ಬಟ್ಟೆ ಒಣಹಾಕುವ ನಮ್ಮ ಗೃಹಿಣಿಯರಿಗೆಲ್ಲ ಮುಂದೇನಾಯಿತೆಂದು ಊಹಿಸಬರುತ್ತದೆ. ನಾರ್‌ವೆಸ್ಟರ್ ನಿಂತು ಇದ್ದಕ್ಕಿದ್ದಂತೆ ದಕ್ಷಿಣದ ಗಾಳಿ ತಿರುಗಿತು. ಬೆಂಕಿ ಬೇಲಿಗೆ ಹತ್ತಿತು, ಹೊಗೆಯಲ್ಲಿ ಕೋಟೆ ಬಿತ್ತು. ಅನೇಕರು ಸತ್ತರು, ಅನೇಕರು ದಾಸರಾಗಿ ಉತ್ತರಕ್ಕೆ ಹೋದರು. ಅಕರೋವಾ ಕೊಲ್ಲಿಯ ಓನಾವೆ ಕೋಟೆಯೂ ಬಿತ್ತು.

1779ರಲ್ಲಿ ಚಿತ್ರದುರ್ಗ ಬಿದ್ದ ಕಥೆಯನ್ನು ನಾವು ಓಬವ್ವನ ಕಡೆಯಿಂದ ಕೇಳಿ ಬೆಳೆದವರು. ಅದನ್ನೇ ಶ್ರೀರಂಗಪಟ್ಟಣದಲ್ಲಿ ನಿಂತು ಕೇಳಿದರೆ ಹೈದರಾಲಿ ಬೇರೆಯೇ ಮನುಷ್ಯನಾಗಿ ಕಾಣುತ್ತಾನೆ. ರೌಪರಾಹನದೂ ಹಾಗೆಯೇ. ಙಾತಿ ತೋಅರಿಗೆ ಅವನು ಅಳಿಯುತ್ತಿದ್ದ ಕುಲವನ್ನು ಎತ್ತಿ ನಡೆಸಿದವನು. ಙಾಯಿ ತಹುಗಳಿಗೆ ಅಜ್ಜ ಅಜ್ಜಿಯರನ್ನು ಕೊಂದವನು. ನಮ್ಮ ಅಭಿಪ್ರಾಯದಲ್ಲಿ ಎರಡೂ ನಿಜ, ಒಂದನ್ನು ಹೇಳಿ ಮತ್ತೊಂದನ್ನು ಬಿಡುವುದು ಸುಳ್ಳಿಗೆ ಸಮ.

ದಕ್ಷಿಣದವರು ಸುಮ್ಮನಿರಲಿಲ್ಲ. 1833ರಲ್ಲಿ ತೂಹಾವೈಕಿಯ ದಂಡು ಅವನನ್ನು ಹಿಡಿದೇಬಿಟ್ಟಿತ್ತು. ಮೈಮೇಲಿನ ಹೊದಿಕೆಯನ್ನು ಅವರ ಕೈಯಲ್ಲೇ ಬಿಟ್ಟು ನೀರಿಗೆ ಹಾರಿ ಪಾರಾದನೆಂದು ಹೇಳುತ್ತಾರೆ. ಅಷ್ಟರಲ್ಲಿ ಬಿಳಿಯರ ಹಡಗುಗಳೊಡನೆ ದಡಾರ, ಇನ್‌ಫ್ಲುಯೆಂಜಾ ಬಂದವು. ರೋಗನಿರೋಧಕ ಶಕ್ತಿಯೇ ಇಲ್ಲದ ಜನರಲ್ಲಿ ದಡಾರ ಏನು ಮಾಡುತ್ತದೆಂಬುದನ್ನು ವೈದ್ಯರಾದ ನಾವು ಬಲ್ಲೆವು. ಬಂದೂಕು ಬಿಟ್ಟದ್ದನ್ನು ಅವು ಮುಗಿಸಿದವು. 1830ರ ದಶಕದ ಕೊನೆಗೆ ಎರಡು ಕುಲಗಳ ನಡುವೆ ಶಾಂತಿಯಾಯಿತು, ಸೆರೆಯಾಳುಗಳು ಮನೆಗೆ ಮರಳಿದರು.

1840ರಲ್ಲಿ ವೈತಾಂಗಿ ಒಪ್ಪಂದಕ್ಕೆ ಮೇ ತಿಂಗಳಲ್ಲೊಮ್ಮೆ, ಜೂನ್‌ನಲ್ಲೊಮ್ಮೆ ಹೀಗೆ ಎರಡು ಸಲ ಗುರುತು ಹಾಕಿದನು. ಆದರೆ ನ್ಯೂಜಿಲ್ಯಾಂಡ್ ಕಂಪನಿಯವರು ತಾನು ಮಾರದ ವೈರಾವ್ ಕಣಿವೆಯನ್ನು ಅಳೆಯಲು ಬಂದಾಗ ಅವರ ಸಾಮಾನುಗಳನ್ನೆಲ್ಲ ಜೋಪಾನವಾಗಿ ಹೊರಗಿಡಿಸಿ, ತನ್ನ ನೆಲದ ಮರ ಹುಲ್ಲಿನಿಂದ ಕಟ್ಟಿದ ಗುಡಿಸಲನ್ನು ಮಾತ್ರ ಸುಡಿಸಿದನು. ಇದಕ್ಕಾಗಿ ಅವನನ್ನು ಬಂಧಿಸಲು ಬಂದವರ ಕಡೆಯಿಂದ 1843ರ ಜೂನ್ 17ರಂದು ಗುಂಡು ಹಾರಿ, ಅವನ ಸೋದರಳಿಯ ತೆ ರಂಗಿಹಯಾತನ ಹೆಂಡತಿ ತೆ ರೊಂಗೊ ಸತ್ತಳು. ಶರಣಾದ ಬಿಳಿಯರನ್ನು ಪ್ರತೀಕಾರವಾಗಿ ಕೊಂದರು. ಸತ್ತ ಬಿಳಿಯರು ಒಟ್ಟು 22. ವಿಚಾರಿಸಿದ ಗವರ್ನರ್ ಫಿಟ್ಜ್‌ರಾಯ್ ಮೊದಲ ತಪ್ಪು ಬಿಳಿಯರದೇ ಎಂದು ತೀರ್ಮಾನಿಸಿದನು.

ನಂತರ ಬಂದ ಗವರ್ನರ್ ಗ್ರೇ ಬೇರೆ ಜಾತಿಯ ಆಸಾಮಿ. 1846ರ ಜುಲೈ 23ರ ನಸುಕಿನಲ್ಲಿ ಪೊರಿರುವಾ ಬಳಿ ಮಲಗಿದ್ದ ಮುದುಕನನ್ನು ಹೊತ್ತೊಯ್ದು ಕ್ಯಾಲಿಯೋಪಿ ಎಂಬ ಯುದ್ಧನೌಕೆಯಲ್ಲಿಟ್ಟನು. ಆರೋಪವಿಲ್ಲ, ವಿಚಾರಣೆಯಿಲ್ಲ, ಒಂದೂವರೆ ವರ್ಷದ ಬಂಧನ. ಆ ನಡುವೆ 1847ರಲ್ಲಿ ಅವನ ಮಗ ಮತ್ತು ಇತರ ಕಿರಿಯರಿಂದ ಸರ್ಕಾರ ವೈರಾವ್ ಸೀಮೆಯನ್ನು 3000 ಪೌಂಡಿಗೆ ಕೊಂಡಿತು. ಆ ಖರೀದಿಯ ಗಡಿಯನ್ನು ಕೈಯಾಪೊಯಿಯವರೆಗೂ ಎಳೆದಿದ್ದರು! ತಮ್ಮ ನೆಲವನ್ನು ಹಳೆಯ ವೈರಿಯ ಕಡೆಯವರು ಮಾರಿದ್ದನ್ನು ಕಂಡ ಙಾಯಿ ತಹು ಮುಖ್ಯಸ್ಥರು 1848ರಲ್ಲಿ ಉಳಿದ ಕ್ಯಾಂಟರ್ಬರಿಯನ್ನು 2000 ಪೌಂಡಿಗೆ ಬರೆದು ಕೊಟ್ಟರು. ಹಾರ್ನ್‌ಬಿಯ ನಮ್ಮ ಮನೆಗಳ ಪತ್ರದ ಮೂಲ ಅಲ್ಲಿದೆ.

ಮುದುಕ 1848ರ ಜನವರಿಯಲ್ಲಿ ಓತಾಕಿಗೆ ಮರಳಿ ಬಂದನು. ರಂಗಿಆತೆಆ ಇಗರ್ಜಿ ಕಟ್ಟುವುದಕ್ಕೆ ನೆರವಾದನು, ಪ್ರಾರ್ಥನೆಗೂ ಹೋದನು, ಆದರೆ ದೀಕ್ಷಾಸ್ನಾನ ಪಡೆಯಲಿಲ್ಲ. 1849ರ ನವೆಂಬರ್ 27ರಂದು ತೀರಿಕೊಂಡನು. ದೇಹವನ್ನು ಆಮೇಲೆ ಗುಟ್ಟಾಗಿ ಕಾಪಿತಿಗೆ ಒಯ್ದರೆಂದು ಹೇಳಿಕೆ. ಅವನ ಮಗ ತಾಮಿಹನ ಮಾತ್ರ ಕ್ರೈಸ್ತನಾಗಿ, 1843ರಲ್ಲಿಯೇ, ತಂದೆ ಸುಟ್ಟ ಊರುಗಳಿಗೆ ಆಯುಧವಿಲ್ಲದೆ ಬಂದು ಧರ್ಮ ಬೋಧಿಸಿದನು. ಬಂದವನನ್ನು ಙಾಯಿ ತಹುಗಳು ಕೊಲ್ಲಲಿಲ್ಲ. ಇಡೀ ಚರಿತ್ರೆಯಲ್ಲಿ ನಮಗೆ ಅತ್ಯಂತ ಆಶ್ಚರ್ಯದ ಸಂಗತಿ ಇದು. ತಂದೆಯ ಚರಿತ್ರೆಯನ್ನು ಮಾವೋರಿಯಲ್ಲಿ ಬರೆದವನೂ ಅವನೇ; ಆ ಹಸ್ತಪ್ರತಿ 2020ರಲ್ಲಿ ಅಚ್ಚಾಯಿತು.

ಙಾಯಿ ತಹುಗಳೊಡನೆ ಸರ್ಕಾರದ ಪರಿಹಾರ ಒಪ್ಪಂದಕ್ಕೆ 1998ರಲ್ಲಿ ಕಾಯಿದೆಯಾಯಿತು. ಙಾತಿ ತೋಅರೊಡನೆ 2012ರಲ್ಲಿ ಒಪ್ಪಂದವಾಗಿ, ರೌಪರಾಹನನ್ನು ವಿಚಾರಣೆಯಿಲ್ಲದೆ ಇಟ್ಟದ್ದಕ್ಕೂ ಸರ್ಕಾರ ಕ್ಷಮೆ ಕೇಳಿತು. 2014ರ ಇನ್ನೊಂದು ಕಾಯಿದೆ ಕಾ ಮಾತೆ ಅವನ ರಚನೆಯೆಂದೂ ಅವನು ಙಾತಿ ತೋಅರ ಮುಖ್ಯಸ್ಥನೆಂದೂ ಗುರುತಿಸಿತು.

ಕೈಯಾಪೊಯಿ ಕೋಟೆಯ ಜಾಗ ಪೆಗಾಸಸ್ ಬಡಾವಣೆಯ ಹತ್ತಿರ ಪ್ರೀಸಸ್ ರಸ್ತೆಯಲ್ಲಿದೆ. ಎತ್ತರದ ಸ್ಮಾರಕವೊಂದು ನಿಂತಿದೆ, ಮಣ್ಣಿನ ದಿಣ್ಣೆಗಳು ಈಗಲೂ ಗುರುತು ಸಿಗುತ್ತವೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಆದರೆ ಅದು ಸತ್ತವರ ನೆಲ. ಅಂತಹ ಕಡೆ ತಿನ್ನುವುದು ಮಾವೋರಿ ಸಂಪ್ರದಾಯಕ್ಕೆ ಸಲ್ಲದು. ಚಿತ್ರಾನ್ನ, ಮೊಸರನ್ನದ ಬುತ್ತಿಯನ್ನು ಕಾರಿನಲ್ಲೇ ಬಿಟ್ಟು, ಮುಂದೆ ವೈಕುಕು ಕಡಲ ತೀರಕ್ಕೆ ಹೋಗಿ ಬಿಚ್ಚಿರಿ.