ಮಾತಿಗೆ ಬಳಸುದಾರಿ ಹುಡುಕಿದ ಲೂರಿಯಾ

ಟಿಇಟಿಗೆ ಓದಿದವರಿಗೆ ವೈಗೋಟ್‌ಸ್ಕಿ ಯಾರೆಂದು ಹೇಳಬೇಕಿಲ್ಲ. ಒಂದು ಪ್ರಶ್ನೆಯಾದರೂ ಬಂದೀತು ಎಂದು ನಾವೆಲ್ಲ ಅವರ ಸಿದ್ಧಾಂತವನ್ನು ಬಾಯಿಪಾಠ ಮಾಡಿದವರೇ. ಅವರ ಗೆಳೆಯ ಅಲೆಕ್ಸಾಂಡರ್ ಲೂರಿಯಾ ಹೆಸರು ಮಾತ್ರ ನಮ್ಮ ಗೈಡುಗಳಲ್ಲಿ ಅಪರೂಪ. ಸಿಂದಗಿಯಲ್ಲಿ ಕೂತು ಪರೀಕ್ಷೆಗೆ ಓದುವ ನಾನು ಲೂರಿಯಾ ಅವರ ಬೆನ್ನು ಹತ್ತಿದ್ದು ಅಂಕಕ್ಕಾಗಿ ಅಲ್ಲ, ಸೋದರಮಾವನಿಗಾಗಿ. ಇಂಡಿ ಹತ್ತಿರ ಲಿಂಬೆ ತೋಟ ಮಾಡಿಕೊಂಡಿದ್ದ ಮಾವನಿಗೆ ಎರಡು ವರ್ಷದ ಹಿಂದೆ ಲಕ್ವಾ ಹೊಡೆಯಿತು. ಬಲಗಾಲು ತಕ್ಕಮಟ್ಟಿಗೆ ಸುಧಾರಿಸಿತು, ಮಾತು ಹೋದದ್ದು ಹೋಯಿತು. ಮೆದುಳಿಗೆ ಪೆಟ್ಟಾಗಿ ಹೀಗೆ ಮಾತು ಕೆಡುವುದಕ್ಕೆ ಅಫೇಸಿಯಾ ಎಂಬ ಹೆಸರಿದೆ ಎಂದು ನನಗೆ ತಿಳಿದದ್ದೇ ಲೂರಿಯಾ ಅವರನ್ನು ಓದುವಾಗ.

ಲೂರಿಯಾ ಹುಟ್ಟಿದ್ದು 1902ರಲ್ಲಿ, ರಷ್ಯಾದ ವೋಲ್ಗಾ ನದಿ ದಂಡೆಯ ಕಜಾನ್‌ನಲ್ಲಿ. ತಂದೆ ವೈದ್ಯರು. ಹತ್ತೊಂಬತ್ತರ ಹೊತ್ತಿಗೆ ಪದವಿ ಮುಗಿಸಿ, ಮನಶ್ಶಾಸ್ತ್ರದ ಹುಚ್ಚು ಹತ್ತಿಸಿಕೊಂಡು ಮಾಸ್ಕೋಗೆ ಹೋದರು. 1924ರಲ್ಲಿ ವೈಗೋಟ್‌ಸ್ಕಿ ಜೊತೆಯಾದರು. ಹತ್ತು ವರ್ಷಕ್ಕೆ, ಕ್ಷಯದಿಂದ, ವೈಗೋಟ್‌ಸ್ಕಿ ತೀರಿಕೊಂಡರು. ಆಗ ಅವರಿಗೆ ಬರೀ 37 ವರ್ಷ. ಅದಕ್ಕೂ ಮೊದಲು, 1931-32ರಲ್ಲಿ, ಲೂರಿಯಾ ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋಗಿ ಓದುಬರಹ ಬಾರದ ರೈತರು ಹೇಗೆ ಯೋಚಿಸುತ್ತಾರೆ ಎಂದು ವಿಚಾರಿಸಿದ್ದರು. ಹಿಮ ಬೀಳುವ ಉತ್ತರದಲ್ಲಿ ಕರಡಿಗಳೆಲ್ಲ ಬಿಳಿ, ಇಂಥ ಊರು ಉತ್ತರದಲ್ಲಿದೆ, ಅಲ್ಲಿಯ ಕರಡಿಯ ಬಣ್ಣ ಯಾವುದು ಎಂದು ಕೇಳಿದರೆ, ಕಾಣದ ಊರಿನ ಕರಡಿಯ ಮಾತು ನಮಗೇಕೆ ಎಂಬ ಅರ್ಥದ ಉತ್ತರ ಬಂತಂತೆ. ನಮ್ಮೂರ ಕಟ್ಟೆಯ ಹಿರಿಯರನ್ನು ಕೇಳಿದ್ದರೂ ಇದೇ ಉತ್ತರ ಸಿಗುತ್ತಿತ್ತು. ಆ ಅಧ್ಯಯನ ಟೀಕೆಗೆ ಸಿಕ್ಕಿ, ಪುಸ್ತಕವಾಗಿ ಹೊರಬಂದದ್ದು 1974ರಲ್ಲಿ.

ಅಷ್ಟರಲ್ಲಾಗಲೇ ಹೆಸರು ಮಾಡಿದ್ದ ಈ ಮನುಷ್ಯ, ಮೂವತ್ತು ದಾಟಿದ ಮೇಲೆ ವೈದ್ಯಕೀಯ ಓದಿಗೆ ಕೂತು 1937ರಲ್ಲಿ ಪಾಸಾದರು. ವಯೋಮಿತಿಯ ಲೆಕ್ಕ ಹಾಕುತ್ತ ಕೂಡುವ ನಮ್ಮಂಥವರಿಗೆ ಹೊಟ್ಟೆಕಿಚ್ಚಾಗುವ ಸಂಗತಿ. 1941ರಲ್ಲಿ ಯುದ್ಧ ಬಂತು. ದಕ್ಷಿಣ ಯುರಾಲ್‌ನ ಕಿಸೆಗಾಚ್‌ನಲ್ಲಿದ್ದ 400 ಹಾಸಿಗೆಗಳ ಆರೋಗ್ಯಧಾಮವೊಂದನ್ನು ಆಸ್ಪತ್ರೆ ಮಾಡಿ, ತಲೆಗೆ ಗಾಯವಾದ ಸೈನಿಕರನ್ನು ಲೂರಿಯಾ ಅವರ ತಂಡಕ್ಕೆ ಒಪ್ಪಿಸಲಾಯಿತು. ಲಕ್ವಾ ಒಳಗಿನಿಂದ ಮಾಡುವ ಹಾನಿಯನ್ನು ಗುಂಡು ಹೊರಗಿನಿಂದ ಮಾಡಿತ್ತು. ಒಬ್ಬನಿಗೆ ಎಲ್ಲ ತಿಳಿಯುತ್ತದೆ, ನಾಲಿಗೆ ಎಲ್ಲಿಡಬೇಕೆಂದು ಗೊತ್ತಾಗುವುದಿಲ್ಲ. ಇನ್ನೊಬ್ಬ ಬಿಡಿ ಪದ ಹೇಳಬಲ್ಲ, ವಾಕ್ಯ ಕಟ್ಟಲಾರ. ಮತ್ತೊಬ್ಬನಿಗೆ ಎದುರಿನವರ ಮಾತು ಬರೀ ಸದ್ದು.

ಮಾತು ಮೆದುಳಿನ ಒಂದೇ ಮೂಲೆಯಲ್ಲಿ ಇರುವುದಲ್ಲ, ಹಲವು ಭಾಗಗಳು ಕೂಡಿ ಮಾಡುವ ಕೆಲಸ ಎಂದು ಲೂರಿಯಾ ನಂಬಿದ್ದರು. ಹಾಗಾಗಿ ಮುರಿದದ್ದು ಯಾವ ಕೊಂಡಿ ಎಂದು ಮೊದಲು ಪತ್ತೆ ಮಾಡಬೇಕು, ಆಮೇಲೆ ಗಟ್ಟಿ ಉಳಿದ ಭಾಗಗಳಿಂದ ಅದೇ ಕೆಲಸವನ್ನು ಬಳಸುದಾರಿಯಲ್ಲಿ ಮಾಡಿಸಬೇಕು. ಈ ವಿಚಾರದ ಬೇರು ವೈಗೋಟ್‌ಸ್ಕಿ ಕಾಲದ್ದು. ಪಾರ್ಕಿನ್ಸನ್ ರೋಗಿಯೊಬ್ಬನಿಗೆ ಸಮನೆಲದ ಮೇಲೆ ಎರಡು ಹೆಜ್ಜೆ ಇಡಲು ಆಗುತ್ತಿರಲಿಲ್ಲ, ಮೆಟ್ಟಿಲು ಮಾತ್ರ ಹತ್ತುತ್ತಿದ್ದ. ಇವರು ನೆಲದ ಮೇಲೆ ಕಾಗದದ ತುಂಡುಗಳನ್ನು ಸಾಲಾಗಿ ಇಟ್ಟರು. ಆತ ಒಂದೊಂದನ್ನೇ ದಾಟುತ್ತ ಕೋಣೆಯ ಆಚೆ ತುದಿಗೆ ನಡೆದ. ಮುಂದೆ ಇದೇ ಕಾಗದ ಮಾತಿಗೂ ಬಂತು. ವಾಕ್ಯ ಕಟ್ಟಲಾಗದವರ ಮುಂದೆ ಖಾಲಿ ಚೀಟಿಗಳನ್ನಿಟ್ಟು, ಒಂದೊಂದನ್ನು ಮುಟ್ಟುತ್ತ ಒಂದೊಂದು ಪದ ಹೇಳಿಸುವುದು. ನಾಲಿಗೆ ತಪ್ಪುವವರಿಗೆ ಕನ್ನಡಿ ಹಿಡಿದು ತುಟಿಯ ಆಕಾರ ತೋರಿಸುವುದು. ಬಿಡುವಿಲ್ಲದೆ, ತಿಂಗಳುಗಟ್ಟಲೆ.

1943ರಲ್ಲಿ ಸ್ಮೊಲೆನ್ಸ್ಕ್ ಕಡೆಯ ಕಾಳಗದಲ್ಲಿ ತಲೆಗೆ ಗುಂಡು ತಗುಲಿದ ಲೆವ್ ಜಸೆಟ್‌ಸ್ಕಿ ಎಂಬ ಯುವಕನ ಕಥೆ ಹೆಚ್ಚು ಹೆಸರಾದದ್ದು. ಅಕ್ಷರಗಳೇ ಮರೆತುಹೋಗಿದ್ದವು. ಒಂದೊಂದೇ ಅಕ್ಷರ ನೆನೆಸಿಕೊಂಡರೆ ಬರೆಯಲಾಗುತ್ತಿರಲಿಲ್ಲ. ಯೋಚಿಸದೆ, ಕೈ ಎತ್ತದೆ ಬರೆದರೆ ಪದ ತಾನಾಗಿ ಬರುತ್ತಿತ್ತು. ಬರೆದದ್ದನ್ನು ಓದಲು ಮತ್ತೆ ಒದ್ದಾಟ. ಹೀಗೇ ಇಪ್ಪತ್ತೈದು ವರ್ಷ ಬರೆದು ಸುಮಾರು ಮೂರು ಸಾವಿರ ಪುಟ ಮಾಡಿದ. ಆ ಪುಟಗಳಿಂದಲೇ ಲೂರಿಯಾ ಅವರ ಒಂದು ಪುಸ್ತಕ ಹುಟ್ಟಿತು.

ಇದನ್ನು ಓದಿದಾಗ ಮಾವನ ಭಜನೆ ಅರ್ಥವಾಯಿತು. ನೀರು ಬೇಕೆಂದು ಹೇಳಲಾಗದ ಮಾವ ಮಠದ ಭಜನೆಯಲ್ಲಿ ಇಡೀ ಪದವನ್ನು ಎಲ್ಲರ ಜೊತೆ ತಪ್ಪಿಲ್ಲದೆ ಹಾಡುತ್ತಾರೆ. ಹಾಡಲು ಬರುವವನಿಗೆ ಮಾತು ಬಾರದೇ, ಇದು ನಾಟಕ ಎಂದು ಊರಲ್ಲಿ ಆಡಿಕೊಂಡವರಿದ್ದಾರೆ. ಕಿವಿ ಕೇಳದವರ ಹತ್ತಿರ ಕೂಗಿದಂತೆ ಕೂಗುವವರೂ ಇದ್ದಾರೆ. ರೂಢಿಯಿಂದ ಹರಿಯುವ ಮಾತಿನ ದಾರಿ ಬೇರೆ, ಹೊಸದಾಗಿ ಕಟ್ಟುವ ಮಾತಿನ ದಾರಿ ಬೇರೆ. ಮೊದಲನೆಯದು ಮಾವನಿಗೆ ಉಳಿದಿದೆ. ಐದು ಎಂದು ನೇರವಾಗಿ ಹೇಳಲು ಬರುವುದಿಲ್ಲ. ಒಂದರಿಂದ ಎಣಿಸುತ್ತ ಹೋಗಿ ಐದಕ್ಕೆ ನಿಲ್ಲುತ್ತಾರೆ. ಲಿಂಬೆಯ ಲೆಕ್ಕ ಈಗ ಹಾಗೆಯೇ ನಡೆಯುತ್ತದೆ.

ಲೂರಿಯಾ ಅವರಿಗೂ ಸಲೀಸು ದಾರಿ ಸಿಗಲಿಲ್ಲ. ಯಹೂದಿ ಮನೆತನದ ಅವರನ್ನು, ಸ್ಟಾಲಿನ್ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಮಾಸ್ಕೋದ ನರಶಸ್ತ್ರಚಿಕಿತ್ಸಾ ಸಂಸ್ಥೆಯಿಂದ ತೆಗೆದುಹಾಕಿದರು. ಮಕ್ಕಳ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿ, ಐವತ್ತರ ದಶಕದ ಕೊನೆಗೆ ಮತ್ತೆ ಅಲ್ಲಿಗೇ ಬಂದರು. ಸಂಗೀತ ರಚನೆಕಾರ ಶೆಬಾಲಿನ್ ಕುರಿತು ಅವರು ಜೊತೆಗಾರರೊಡನೆ ಬರೆದದ್ದು 1965ರಲ್ಲಿ. ಶೆಬಾಲಿನ್‌ಗೆ 1953ರಲ್ಲೊಮ್ಮೆ, 1959ರಲ್ಲೊಮ್ಮೆ ಲಕ್ವಾ ಹೊಡೆದು ಮಾತು ಬಹುಪಾಲು ಹೋಗಿತ್ತು. ಆದರೂ 1962ರಲ್ಲಿ ತಮ್ಮ ಐದನೇ ಸಿಂಫನಿ ಮುಗಿಸಿದರು. ಮಾತು ಹೋದವರಿಗೆ ಬುದ್ಧಿಯೂ ಹೋಗಿದೆ ಎನ್ನುವವರ ಮುಂದೆ ನಾನು ಈ ಹೆಸರನ್ನೇ ಹೇಳುವುದು. ಲೂರಿಯಾ 1977ರ ಆಗಸ್ಟ್ 14ರಂದು ಮಾಸ್ಕೋದಲ್ಲಿ ತೀರಿಕೊಂಡರು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಮ್ಮ ನೆಂಟರಿರುವ ಯಾವ ಊರಲ್ಲಿ ಕೇಳಿದರೂ ಲಕ್ವಾಕ್ಕೆ ಎಣ್ಣೆ ತಿಕ್ಕುವವರ, ಔಷಧಿ ಕೊಡುವವರ ವಿಳಾಸ ಸಿಕ್ಕಿತು. ಮಾತು ಕಲಿಸುವವರ ವಿಳಾಸ ಒಬ್ಬರೂ ಹೇಳಲಿಲ್ಲ. ಆ ಕೆಲಸಕ್ಕೆಂದೇ ಓದು ಇದೆ: ಪಿಯುಸಿ ವಿಜ್ಞಾನ ಮುಗಿಸಿದವರಿಗೆ ಬಿಎಎಸ್‌ಎಲ್‌ಪಿ ಎಂಬ ಪದವಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದನ್ನು ಕಲಿಸುತ್ತಾರೆ, ರೋಗಿಗಳನ್ನೂ ನೋಡುತ್ತಾರೆ. ತಮ್ಮಂದಿರು ತಂಗಿಯರು ಪಿಯುಸಿಯಲ್ಲಿದ್ದರೆ ಹೇಳಿಡಿ.

ಮನೆಯಲ್ಲಿ ಅತ್ತೆ ಹಳೆ ಲಗ್ನಪತ್ರಿಕೆ ಕತ್ತರಿಸಿ ಚೀಟಿ ಮಾಡಿದ್ದಾರೆ. ಯಾರು, ಏನು, ಏನು ಮಾಡಿದರು ಎಂದು ಮೂರು. ಮಾವ ಮೊದಲೆರಡನ್ನು ಮುಟ್ಟಿ ಹೇಳುತ್ತಾರೆ, ಮೂರನೆಯದರ ಹತ್ತಿರ ತಡವರಿಸುತ್ತಾರೆ. ವಿಜಯಪುರದಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್‌ಗೆ ಮೈಸೂರಿಗೆ ಮೂರು ಟಿಕೆಟ್ ಮಾಡಿಸಿದ್ದೇನೆ, ಬರುವ ತಿಂಗಳಿಗೆ.